ರಾಷ್ಟ್ರಗೀತೆಗೆ ಎದ್ದು ನಿಲ್ಲುವುದು: ಕರ್ತವ್ಯ, ಶಿಷ್ಟಾಚಾರ ಮತ್ತು ಕಾನೂನು – ಸಾರ್ವಜನಿಕರ ಮಾಹಿತಿಗಾಗಿ

ಸ್ವಾತಂತ್ರ್ಯ ದಿನಾಚರಣೆ, ಗಣರಾಜ್ಯೋತ್ಸವ ಹಾಗೂ ಇತರೆ ಸಮಾರಂಭಗಳಲ್ಲಿ ರಾಷ್ಟ್ರಗೀತೆಯನ್ನು ಹಾಡುವಾಗ ಅಥವಾ ನುಡಿಸುವಾಗ ಹಾಜರಿರುವ ಎಲ್ಲರೂ ಎದ್ದು ನಿಲ್ಲಬೇಕೇ, ನಿಲ್ಲಲು ಆಗದವರು ಏನು ಮಾಡಬೇಕು, ನಿಲ್ಲದಿದ್ದವರಿಗೆ ಶಿಕ್ಷೆ ಇದೆಯೇ ಎಂಬ ಪ್ರಶ್ನೆಗಳು ಸಾರ್ವಜನಿಕರಲ್ಲಿ ಮೇಲಿಂದ ಮೇಲೆ ಉದ್ಭವಿಸುತ್ತವೆ. ನಿಲ್ಲದಿದ್ದವರ ಪಡಿತರ ಚೀಟಿ ರದ್ದಾಗುತ್ತದೆ, ಪಿಂಚಣಿ ನಿಂತುಹೋಗುತ್ತದೆ ಎಂಬಂತಹ ಆಧಾರರಹಿತ ಮಾತುಗಳಿಂದ ವಯೋವೃದ್ಧರು ಮತ್ತು ವಿಕಲಚೇತನರು ಆತಂಕಕ್ಕೆ ಒಳಗಾಗುವ ಸಂಭವವೂ ಇದೆ. ಈ ಹಿನ್ನೆಲೆಯಲ್ಲಿ, ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಂತಹ ಗ್ರಾಮದ ನಾಗರಿಕರು ಪ್ರತಿನಿತ್ಯ ಕಾಣುವ ಸಂದರ್ಭಗಳನ್ನು ಗಮನದಲ್ಲಿ ಇಟ್ಟುಕೊಂಡು, ಸದರಿ ವಿಷಯದ ನಿಯಮಗಳನ್ನೂ ನ್ಯಾಯಾಲಯಗಳ ತೀರ್ಪುಗಳನ್ನೂ ಇಲ್ಲಿ ವಿವರಿಸಲಾಗಿದೆ.

1. ರಾಷ್ಟ್ರಗೀತೆಯ ಹಿನ್ನೆಲೆ

'ಜನಗಣಮನ' ಗೀತೆಯನ್ನು ರಚಿಸಿದವರು ಕವಿ ರವೀಂದ್ರನಾಥ ಠಾಕೂರರು. ಇದನ್ನು ಮೊದಲ ಬಾರಿಗೆ 1911ರ ಡಿಸೆಂಬರ್ 27ರಂದು ಕಲ್ಕತ್ತಾದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲಾಯಿತು. ಐದು ಚರಣಗಳ ಈ ಗೀತೆಯ ಮೊದಲನೆಯ ಚರಣವನ್ನು ಸಂವಿಧಾನ ರಚನಾ ಸಭೆಯು 1950ರ ಜನವರಿ 24ರಂದು ರಾಷ್ಟ್ರಗೀತೆಯಾಗಿ ಅಂಗೀಕರಿಸಿತು. ಪೂರ್ಣ ಗೀತೆಯನ್ನು ಹಾಡಲು ಅಥವಾ ನುಡಿಸಲು ನಿಗದಿಯಾಗಿರುವ ಅವಧಿ ಸುಮಾರು 52 ಸೆಕೆಂಡುಗಳು. ಮೊದಲ ಮತ್ತು ಕೊನೆಯ ಸಾಲುಗಳನ್ನು ಮಾತ್ರ ಒಳಗೊಂಡ ಸಂಕ್ಷಿಪ್ತ ರೂಪಕ್ಕೆ ಸುಮಾರು 20 ಸೆಕೆಂಡುಗಳು ಸಾಕಾಗುತ್ತವೆ.

ಕೊಳ್ಳೇಗಾಲ ಪ್ರದೇಶದ ಜನರಿಗೆ ಈ ವಿಷಯದಲ್ಲಿ ವಿಶೇಷ ಹಿನ್ನೆಲೆಯೊಂದಿದೆ. 1956ರ ಅಕ್ಟೋಬರ್ ಅಂತ್ಯದವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಿಂದಾಗಿ 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ರಚನೆಯಾದ ಚಾಮರಾಜನಗರ ಜಿಲ್ಲೆಯಲ್ಲಿ ಈಗ ಇದೆ. ರಾಜ್ಯ ಬದಲಾಯಿತು, ಜಿಲ್ಲೆ ಎರಡು ಬಾರಿ ಬದಲಾಯಿತು, ಆಡಳಿತದ ಭಾಷೆಯೂ ಬದಲಾಯಿತು. ಆದರೆ ಆಗಸ್ಟ್ 15ರಂದು ಮತ್ತು ಜನವರಿ 26ರಂದು ಧ್ವಜದ ಮುಂದೆ ಹಾಡುವ ಗೀತೆ ಮಾತ್ರ ಅದೇ ಆಗಿ ಉಳಿಯಿತು.

2. ಮೂರು ಹಂತಗಳನ್ನು ಪ್ರತ್ಯೇಕವಾಗಿ ತಿಳಿಯುವುದು ಅಗತ್ಯ

ಸದರಿ ವಿಷಯದಲ್ಲಿ ಉಂಟಾಗುವ ಬಹುತೇಕ ಗೊಂದಲಗಳಿಗೆ ಕಾರಣ, ಕರ್ತವ್ಯ, ಶಿಷ್ಟಾಚಾರ ಮತ್ತು ಅಪರಾಧ ಎಂಬ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ಭಾವಿಸುವುದು.

(ಅ) ಕರ್ತವ್ಯ: ಭಾರತ ಸಂವಿಧಾನದ 51-ಎ(ಎ) ಅನುಚ್ಛೇದದ ಪ್ರಕಾರ, ಸಂವಿಧಾನಕ್ಕೆ ಬದ್ಧರಾಗಿದ್ದು ಅದರ ಆದರ್ಶಗಳನ್ನೂ ಸಂಸ್ಥೆಗಳನ್ನೂ, ರಾಷ್ಟ್ರಧ್ವಜ ಮತ್ತು ರಾಷ್ಟ್ರಗೀತೆಯನ್ನೂ ಗೌರವಿಸುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ. ಈ ಅನುಚ್ಛೇದವನ್ನು 1976ರ 42ನೆಯ ತಿದ್ದುಪಡಿಯ ಮೂಲಕ ಸೇರಿಸಲಾಯಿತು. ಮೂಲಭೂತ ಕರ್ತವ್ಯವನ್ನು ಪಾಲಿಸದಿದ್ದುದಕ್ಕೆ ಸಂವಿಧಾನವು ತಾನೇ ಯಾವುದೇ ದಂಡನೆಯನ್ನು ವಿಧಿಸಿಲ್ಲ.

(ಆ) ಶಿಷ್ಟಾಚಾರ: ಕೇಂದ್ರ ಗೃಹ ಸಚಿವಾಲಯವು ರಾಷ್ಟ್ರಗೀತೆಗೆ ಸಂಬಂಧಿಸಿದಂತೆ ಹೊರಡಿಸಿರುವ ಆದೇಶಗಳಲ್ಲಿ, ಗೀತೆಯನ್ನು ಹಾಡಿದಾಗ ಅಥವಾ ನುಡಿಸಿದಾಗ ಸಭಿಕರು ಸಾವಧಾನ ಸ್ಥಿತಿಯಲ್ಲಿ ನಿಲ್ಲತಕ್ಕದ್ದು ಎಂದು ತಿಳಿಸಲಾಗಿದೆ. ಆದರೆ ವಾರ್ತಾಚಿತ್ರ ಅಥವಾ ಸಾಕ್ಷ್ಯಚಿತ್ರದ ಭಾಗವಾಗಿ ಗೀತೆ ಕೇಳಿಬಂದಲ್ಲಿ ಪ್ರೇಕ್ಷಕರು ಎದ್ದು ನಿಲ್ಲುವುದನ್ನು ನಿರೀಕ್ಷಿಸುವುದಿಲ್ಲ. ಹಾಗೆ ನಿಲ್ಲುವುದರಿಂದ ಪ್ರದರ್ಶನಕ್ಕೆ ಅಡ್ಡಿಯಾಗಿ, ಗೀತೆಯ ಘನತೆ ಹೆಚ್ಚುವ ಬದಲು ಗೊಂದಲವೇ ಉಂಟಾಗುತ್ತದೆ ಎಂಬ ಕಾರಣವನ್ನೂ ಸದರಿ ಆದೇಶಗಳಲ್ಲಿಯೇ ನೀಡಲಾಗಿದೆ.

(ಇ) ಅಪರಾಧ: ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಅಧಿನಿಯಮ, 1971ರ ಕಲಂ 3ರ ಪ್ರಕಾರ, ರಾಷ್ಟ್ರಗೀತೆಯನ್ನು ಹಾಡುವುದನ್ನು ಉದ್ದೇಶಪೂರ್ವಕವಾಗಿ ತಡೆಯುವುದು ಅಥವಾ ಹಾಡುತ್ತಿರುವ ಸಭೆಗೆ ಅಡಚಣೆ ಉಂಟುಮಾಡುವುದು ಅಪರಾಧ. ಇದಕ್ಕೆ ಮೂರು ವರ್ಷಗಳವರೆಗಿನ ಕಾರಾವಾಸ, ಇಲ್ಲವೇ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಮತ್ತೊಮ್ಮೆ ಅದೇ ಅಪರಾಧ ಎಸಗಿ ಶಿಕ್ಷೆಗೊಳಗಾದವರಿಗೆ ಕನಿಷ್ಠ ಒಂದು ವರ್ಷದ ಕಾರಾವಾಸವನ್ನು 2003ರ ತಿದ್ದುಪಡಿಯ ಮೂಲಕ ನಿಗದಿಪಡಿಸಲಾಗಿದೆ.

ಮೇಲ್ಕಂಡ ಮೂರನ್ನೂ ಒಟ್ಟಿಗೆ ಓದಿದಲ್ಲಿ ದೊರೆಯುವ ಸಾರಾಂಶ ಇಷ್ಟು: ಗೌರವಿಸುವುದು ಕರ್ತವ್ಯ; ಎದ್ದು ನಿಲ್ಲುವುದು ಆ ಗೌರವವನ್ನು ತೋರಿಸುವ ನಿಗದಿತ ರೀತಿ; ಹಾಡುವುದನ್ನು ತಡೆಯುವುದು ಅಥವಾ ಸಭೆಯನ್ನು ಕೆಡಿಸುವುದು ಶಿಕ್ಷಾರ್ಹ. ಸುಮ್ಮನೆ ಕುಳಿತಿರುವುದನ್ನು ಕಲಂ 3 ತನ್ನ ಮಾತುಗಳಲ್ಲಿ ಅಪರಾಧವೆಂದು ಹೇಳಿಲ್ಲ. 2021ರಲ್ಲಿ ಜಮ್ಮು-ಕಾಶ್ಮೀರ ಮತ್ತು ಲಡಾಖ್ ಉಚ್ಚ ನ್ಯಾಯಾಲಯವು ಪ್ರಕರಣವೊಂದರಲ್ಲಿ ಇದೇ ಅಂಶವನ್ನು ಪರಿಶೀಲಿಸಿತು. ಗೀತೆ ನಡೆಯುತ್ತಿರುವಾಗ ಎದ್ದು ನಿಲ್ಲದಿರುವುದು ಅಗೌರವವೂ ಮೂಲಭೂತ ಕರ್ತವ್ಯದ ಲೋಪವೂ ಆಗಬಹುದಾದರೂ, ಅಷ್ಟರಿಂದಲೇ ಕಲಂ 3ರ ಅಪರಾಧವಾಗುವುದಿಲ್ಲ ಎಂದು ಅಭಿಪ್ರಾಯಪಟ್ಟಿತು.

ಅಪರಾಧವಲ್ಲದ್ದೆಲ್ಲವೂ ಸರಿಯಾದ ನಡೆ ಎಂದು ಇದರ ಅರ್ಥವಲ್ಲ. ಹಿರಿಯರು ಮನೆಗೆ ಬಂದಾಗ ಎದ್ದು ನಿಲ್ಲದವರಿಗೆ ಯಾವ ಕಾನೂನೂ ಶಿಕ್ಷೆ ಕೊಡುವುದಿಲ್ಲ. ಆದರೂ ನಮ್ಮ ಗ್ರಾಮಗಳಲ್ಲಿ ಎದ್ದು ನಿಲ್ಲುವುದು ರೂಢಿಯಲ್ಲಿದೆ. ಶಕ್ತರಾದವರು 52 ಸೆಕೆಂಡುಗಳ ಕಾಲ ಎದ್ದು ನಿಲ್ಲುವುದೂ ಇದೇ ಬಗೆಯ ಮರ್ಯಾದೆ. ಭಯದಿಂದ ನಿಂತದ್ದಕ್ಕಿಂತ ಅರಿವಿನಿಂದ ನಿಂತದ್ದಕ್ಕೇ ಬೆಲೆ ಹೆಚ್ಚು.

3. ನ್ಯಾಯಾಲಯಗಳ ತೀರ್ಪುಗಳು

(ಅ) ಹಾಡದೆ ಮೌನವಾಗಿ ನಿಂತ ವಿದ್ಯಾರ್ಥಿಗಳ ಪ್ರಕರಣ (1986)

ಕೇರಳದ ಶಾಲೆಯೊಂದರಲ್ಲಿ ಓದುತ್ತಿದ್ದ, ಯೆಹೋವನ ಸಾಕ್ಷಿಗಳು ಪಂಥಕ್ಕೆ ಸೇರಿದ ಒಂದೇ ಕುಟುಂಬದ ಮೂವರು ಮಕ್ಕಳು ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆ ನಡೆಯುವಾಗ ಎಲ್ಲರೊಡನೆ ಎದ್ದು ನಿಲ್ಲುತ್ತಿದ್ದರು; ಆದರೆ ತಮ್ಮ ಧಾರ್ಮಿಕ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. 1985ರ ಜುಲೈ ತಿಂಗಳಿನಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಕೇರಳ ಉಚ್ಚ ನ್ಯಾಯಾಲಯದಲ್ಲಿ ಅವರಿಗೆ ಪರಿಹಾರ ದೊರೆಯಲಿಲ್ಲ. ಬಿಜೋ ಇಮ್ಯಾನುಯೆಲ್ ವಿರುದ್ಧ ಕೇರಳ ರಾಜ್ಯ ಎಂಬ ಸದರಿ ಪ್ರಕರಣದಲ್ಲಿ ಮಾನ್ಯ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಮತ್ತು ನ್ಯಾಯಮೂರ್ತಿ ಎಂ.ಎಂ. ದತ್ ಅವರ ಪೀಠವು 1986ರ ಆಗಸ್ಟ್ 11ರಂದು ತೀರ್ಪು ನೀಡಿತು. ಹಾಡಲೇಬೇಕು ಎಂದು ಯಾರನ್ನೂ ಕಡ್ಡಾಯಪಡಿಸುವ ಕಾನೂನು ಇಲ್ಲ, ಗೌರವದಿಂದ ಎದ್ದು ನಿಂತು ಮೌನವಾಗಿರುವುದು ಅಗೌರವವಲ್ಲ ಎಂದು ತಿಳಿಸಿ, ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಅಭಿವ್ಯಕ್ತಿ ಸ್ವಾತಂತ್ರ್ಯದ 19(1)(ಎ) ಮತ್ತು ಧಾರ್ಮಿಕ ಸ್ವಾತಂತ್ರ್ಯದ 25ನೆಯ ಅನುಚ್ಛೇದಗಳು ಈ ತೀರ್ಪಿಗೆ ಆಧಾರವಾದವು.

(ಆ) ಚಿತ್ರಮಂದಿರಗಳ ಪ್ರಕರಣ (2016–2018)

1962ರ ಚೀನಾ ಯುದ್ಧದ ನಂತರದ ವರ್ಷಗಳಲ್ಲಿ ಚಿತ್ರಮಂದಿರಗಳಲ್ಲಿ ಪ್ರದರ್ಶನ ಮುಗಿದ ಮೇಲೆ ರಾಷ್ಟ್ರಗೀತೆಯನ್ನು ನುಡಿಸುವ ಪದ್ಧತಿ ಇತ್ತು. ಚಿತ್ರ ಮುಗಿದೊಡನೆ ಪ್ರೇಕ್ಷಕರು ಬಾಗಿಲ ಕಡೆಗೆ ನಡೆಯುತ್ತಿದ್ದುದರಿಂದ ಗೌರವಕ್ಕಿಂತ ಮುಜುಗರವೇ ಹೆಚ್ಚಾಗಿ, ಕಾಲಕ್ರಮೇಣ ಪದ್ಧತಿ ಮರೆಯಾಯಿತು.

2016ರ ನವೆಂಬರ್ 30ರಂದು ಶ್ಯಾಮ್ ನಾರಾಯಣ್ ಚೌಕ್ಸಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ಚಿತ್ರಮಂದಿರಗಳಲ್ಲಿ ಚಿತ್ರ ಆರಂಭವಾಗುವ ಮುನ್ನ ರಾಷ್ಟ್ರಗೀತೆಯನ್ನು ನುಡಿಸಬೇಕು ಮತ್ತು ಹಾಜರಿರುವವರು ಎದ್ದು ನಿಲ್ಲಬೇಕು ಎಂಬ ಮಧ್ಯಂತರ ಆದೇಶವನ್ನು ನೀಡಿತು. ಅದೇ ಡಿಸೆಂಬರ್ 9ರಂದು ವಿಕಲಚೇತನರಿಗೆ ವಿನಾಯಿತಿ ನೀಡಲಾಯಿತು. 2017ರ ಫೆಬ್ರವರಿ 14ರಂದು, ಚಲನಚಿತ್ರದ ಕಥೆಯ ಭಾಗವಾಗಿ ಗೀತೆ ಬಂದಾಗ ಎದ್ದು ನಿಲ್ಲುವ ಅಗತ್ಯವಿಲ್ಲ ಎಂದು ಸ್ಪಷ್ಟಪಡಿಸಲಾಯಿತು. ಅಂತಿಮವಾಗಿ 2018ರ ಜನವರಿ 9ರಂದು ನ್ಯಾಯಾಲಯವು ತನ್ನ ಹಿಂದಿನ ಆದೇಶವನ್ನು ಮಾರ್ಪಡಿಸಿ, ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆ ನುಡಿಸುವುದು ಕಡ್ಡಾಯವಲ್ಲ, ಐಚ್ಛಿಕ ಎಂದು ತೀರ್ಮಾನಿಸಿತು. ಆದಾಗ್ಯೂ, ಗೀತೆಯನ್ನು ನುಡಿಸಿದಲ್ಲಿ ಹಾಜರಿರುವವರು ಗೌರವ ತೋರಿಸಬೇಕು. ವಿಕಲಚೇತನರಿಗೆ ನೀಡಿದ ವಿನಾಯಿತಿ ಮುಂದುವರಿಯುತ್ತದೆ.

(ಇ) ಕರ್ನಾಟಕದ ಅನುಭವ

ಮೇಲ್ಕಂಡ ಅಂತಿಮ ಆದೇಶದ ನಂತರವೂ 2019ರಲ್ಲಿ ಬೆಂಗಳೂರಿನ ಚಿತ್ರಮಂದಿರಗಳಲ್ಲಿ, ಎದ್ದು ನಿಲ್ಲದ ಪ್ರೇಕ್ಷಕರೊಡನೆ ಇತರೆ ಪ್ರೇಕ್ಷಕರು ವಾಗ್ವಾದಕ್ಕೆ ಇಳಿದ ಪ್ರಸಂಗಗಳು ವರದಿಯಾದವು. ಒಂದು ಪ್ರಸಂಗದಲ್ಲಿ ಪ್ರೇಕ್ಷಕರೊಬ್ಬರನ್ನು ಪೊಲೀಸರು ಬಂಧಿಸಿ, ನಂತರ ಅವರು ಜಾಮೀನಿನ ಮೇಲೆ ಬಿಡುಗಡೆಯಾದರು. ಇದಕ್ಕೂ ಮುನ್ನ 2016ರಲ್ಲಿ, ಗೋವಾದ ಚಿತ್ರಮಂದಿರವೊಂದರಲ್ಲಿ ಗಾಲಿಕುರ್ಚಿ ಬಳಸುವ ವ್ಯಕ್ತಿಯೊಬ್ಬರು ಎದ್ದು ನಿಲ್ಲಲಿಲ್ಲವೆಂದು ಅವರನ್ನು ಹೊಡೆದ ಘಟನೆ ವರದಿಯಾಗಿತ್ತು. ಹಿಂದಿನ ಸಾಲಿನಲ್ಲಿ ನಿಂತವರಿಗೆ ಮುಂದಿನ ಸಾಲಿನಲ್ಲಿ ಕುಳಿತವರ ಕಾಲಿನ ಸ್ಥಿತಿ ಕಾಣುವುದಿಲ್ಲ ಎಂಬುದನ್ನು ಈ ಘಟನೆ ನೆನಪಿಸುತ್ತದೆ.

4. ಎದ್ದು ನಿಲ್ಲಲು ಆಗದವರು

ಕೇಂದ್ರ ಗೃಹ ಸಚಿವಾಲಯವು 2016ರ ಡಿಸೆಂಬರ್ ತಿಂಗಳಿನಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ, ಗಾಲಿಕುರ್ಚಿ ಬಳಸುವವರು ತಮ್ಮ ದೇಹಸ್ಥಿತಿಗೆ ಸಾಧ್ಯವಾದಷ್ಟು ಎಚ್ಚರದ ಭಂಗಿಯಲ್ಲಿ ಕುಳಿತಿದ್ದರೆ ಸಾಕು. ಊರುಗೋಲು ಬಳಸುವವರು ಸಾಧ್ಯವಾದಷ್ಟು ಅಲುಗದೆ ಇರುವುದು ಸಾಕು. ಬೌದ್ಧಿಕ ವಿಕಲತೆಯುಳ್ಳವರಿಂದ ಮತ್ತು ಅವರ ಪಾಲಕರಿಂದ ಶಕ್ತಿಮೀರಿದ್ದನ್ನು ನಿರೀಕ್ಷಿಸತಕ್ಕದ್ದಲ್ಲ.

ಇದೇ ವಿವೇಚನೆಯನ್ನು ಮಂಡಿನೋವಿನಿಂದ ಬಳಲುವ ವಯೋವೃದ್ಧರು, ಗರ್ಭಿಣಿಯರು, ಎಳೆಯ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಂದಿರು ಹಾಗೂ ಅನಾರೋಗ್ಯಪೀಡಿತರ ವಿಷಯದಲ್ಲಿಯೂ ಅನುಸರಿಸುವುದು ಸೂಕ್ತ. ವಿಕಲತೆಗಳಲ್ಲಿ ಹಲವು ಹೊರಗಿನಿಂದ ಕಾಣುವುದಿಲ್ಲ. ಸ್ಥಳದಲ್ಲಿಯೇ ವೈದ್ಯಕೀಯ ಪ್ರಮಾಣಪತ್ರ ತೋರಿಸುವಂತೆ ಕೇಳುವ ಅಧಿಕಾರ ಸಹಸಭಿಕರಿಗೆ ಇಲ್ಲ. ವಿಕಲಚೇತನ ವ್ಯಕ್ತಿಯನ್ನು ಸಾರ್ವಜನಿಕವಾಗಿ ಉದ್ದೇಶಪೂರ್ವಕವಾಗಿ ಅವಮಾನಿಸುವುದು ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಕಲಂ 92ರ ಮೇರೆಗೆ ಶಿಕ್ಷಾರ್ಹ. ಇದಕ್ಕೆ ಆರು ತಿಂಗಳಿಂದ ಐದು ವರ್ಷಗಳವರೆಗೆ ಕಾರಾವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ.

5. ಗ್ರಾಮ ಮಟ್ಟದ ಸಮಾರಂಭಗಳ ಆಯೋಜಕರಿಗೆ ಸೂಚನೆಗಳು

ಗ್ರಾಮ ಪಂಚಾಯಿತಿ ಕಚೇರಿ, ಶಾಲೆ, ಅಂಗನವಾಡಿ, ಹಾಲು ಉತ್ಪಾದಕರ ಸಹಕಾರ ಸಂಘ ಮುಂತಾದೆಡೆ ಧ್ವಜಾರೋಹಣ ಏರ್ಪಡಿಸುವವರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು:

• ಗೀತೆ ಆರಂಭವಾಗುವ ಮುನ್ನ ಧ್ವನಿವರ್ಧಕದಲ್ಲಿ ಸ್ಪಷ್ಟವಾಗಿ ತಿಳಿಸುವುದು. ವಾದ್ಯವೃಂದವಿದ್ದಲ್ಲಿ ಮೊದಲು ಡೋಲಿನ ಸದ್ದು ಮಾಡಿ ಸೂಚನೆ ನೀಡುವ ಪದ್ಧತಿಯನ್ನು ಗೃಹ ಸಚಿವಾಲಯದ ಆದೇಶಗಳಲ್ಲಿಯೇ ತಿಳಿಸಲಾಗಿದೆ. ಸೂಚನೆ ಇಲ್ಲದೆ ಆರಂಭಿಸಿದಲ್ಲಿ, ಮಾತನಾಡುತ್ತಾ ನಿಂತವರು ಅರಿಯದೆಯೇ ತಪ್ಪಿಗೆ ಗುರಿಯಾಗುತ್ತಾರೆ.
• ಧ್ವಜ ಸಂಹಿತೆ, 2002ರಂತೆ ಧ್ವಜಾರೋಹಣದ ಸಮಯದಲ್ಲಿ ಹಾಜರಿರುವವರು ಧ್ವಜದ ಕಡೆಗೆ ಮುಖ ಮಾಡಿ ಸಾವಧಾನ ಸ್ಥಿತಿಯಲ್ಲಿ ನಿಲ್ಲುವುದು. ಸಮವಸ್ತ್ರದಲ್ಲಿರುವವರು ವಂದನೆ ಸಲ್ಲಿಸುವುದು.
• ಪೆರೇಡ್ ಅಲ್ಲದ ಸಮಾರಂಭಗಳಲ್ಲಿ ಧ್ವಜಾರೋಹಣವಾದಾಗ ಪೂರ್ಣ ಗೀತೆಯನ್ನು ಎಲ್ಲರೂ ಸಾಮೂಹಿಕವಾಗಿ ಹಾಡುವುದು.
• ವಯೋವೃದ್ಧರಿಗೆ ಮತ್ತು ವಿಕಲಚೇತನರಿಗೆ ಮುಂದಿನ ಸಾಲಿನಲ್ಲಿ ಅಥವಾ ನೆರಳಿನಲ್ಲಿ ಕುರ್ಚಿಗಳನ್ನು ಕಾಯ್ದಿರಿಸುವುದು. ಅವರು ಕುಳಿತೇ ಗೌರವ ಸಲ್ಲಿಸಬಹುದೆಂದು ಮೊದಲೇ ಪ್ರಕಟಿಸುವುದು.
• ಮಕ್ಕಳನ್ನು ಬಿಸಿಲಿನಲ್ಲಿ ದೀರ್ಘಕಾಲ ನಿಲ್ಲಿಸದಿರುವುದು. ಗೀತೆಯ ಅವಧಿ 52 ಸೆಕೆಂಡುಗಳು ಮಾತ್ರ. ಮಕ್ಕಳು ತಲೆತಿರುಗಿ ಬೀಳುವುದು ಅತಿಥಿಗಳ ಆಗಮನ ತಡವಾದಾಗಲೇ ಹೊರತು ರಾಷ್ಟ್ರಗೀತೆಯಿಂದಲ್ಲ.
• ಎಲ್ಲ ಸಂದರ್ಭಗಳಲ್ಲಿಯೂ ಗೀತೆಯನ್ನು ಬಳಸದಿರುವುದು. ವಿವೇಚನೆಯಿಲ್ಲದೆ ಹಾಡುವುದನ್ನೂ ನುಡಿಸುವುದನ್ನೂ ತಪ್ಪಿಸುವ ಹೊಣೆಯನ್ನು ಸದರಿ ಆದೇಶಗಳು ಜನರ ಸದ್ಬುದ್ಧಿಗೇ ಬಿಟ್ಟಿವೆ.

ಶಾಲೆಗಳಿಗೆ ಸಂಬಂಧಿಸಿದಂತೆ, ರಾಜ್ಯ ಸರ್ಕಾರವು 2022ರ ಆಗಸ್ಟ್ ತಿಂಗಳಿನಲ್ಲಿ ಶಾಲೆಗಳು ಮತ್ತು ಪದವಿಪೂರ್ವ ಕಾಲೇಜುಗಳ ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆಯನ್ನು ಸಾಮೂಹಿಕವಾಗಿ ಹಾಡುವುದನ್ನು ಕಡ್ಡಾಯಗೊಳಿಸಿ ಆದೇಶ ಹೊರಡಿಸಿತು. ಇಂತಹ ಆದೇಶವನ್ನು ಜಾರಿಗೊಳಿಸುವಾಗ 1986ರ ತೀರ್ಪನ್ನು ಮುಖ್ಯೋಪಾಧ್ಯಾಯರು ನೆನಪಿನಲ್ಲಿ ಇಟ್ಟುಕೊಳ್ಳುವುದು ಅಗತ್ಯ. ಗೌರವದಿಂದ ಮೌನವಾಗಿ ನಿಂತ ಮಗುವನ್ನು ತರಗತಿಯಿಂದ ಹೊರಹಾಕುವಂತಿಲ್ಲ.

6. ನಾಡಗೀತೆಯ ಸಂದರ್ಭದಲ್ಲಿ

ರಾಷ್ಟ್ರಕವಿ ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' ಗೀತೆಯನ್ನು ರಾಜ್ಯ ಸರ್ಕಾರವು 2004ರ ಜನವರಿ 6ರಂದು ನಾಡಗೀತೆಯಾಗಿ ಘೋಷಿಸಿತು. 2022ರ ಸೆಪ್ಟೆಂಬರ್ ತಿಂಗಳಿನಲ್ಲಿ ಮೈಸೂರು ಅನಂತಸ್ವಾಮಿ ಅವರ ರಾಗಸಂಯೋಜನೆಯಲ್ಲಿ, 2 ನಿಮಿಷ 30 ಸೆಕೆಂಡುಗಳ ಅವಧಿಯಲ್ಲಿ ಹಾಡುವಂತೆ ಆದೇಶಿಸಲಾಯಿತು. ನಾಡಗೀತೆ ಮತ್ತು ರಾಷ್ಟ್ರಗೀತೆ ಒಂದೇ ಅಲ್ಲ. 1971ರ ಅಧಿನಿಯಮದ ಕಲಂ 3 ನಾಡಗೀತೆಯನ್ನು ಒಳಗೊಂಡಿಲ್ಲ. ನಾಡಗೀತೆಗೆ ಎದ್ದು ನಿಲ್ಲುವುದು ಕನ್ನಡಿಗರು ರೂಢಿಸಿಕೊಂಡು ಬಂದಿರುವ ಗೌರವದ ಪದ್ಧತಿ. ನಾಡಗೀತೆಯ ಅವಧಿ ರಾಷ್ಟ್ರಗೀತೆಯ ಸುಮಾರು ಮೂರು ಪಟ್ಟು ಇರುವುದರಿಂದ ಅಶಕ್ತರಿಗೆ ಆಸನ ಒದಗಿಸುವುದು ಇನ್ನಷ್ಟು ಅಗತ್ಯ.

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಾಷ್ಟ್ರಗೀತೆಗೆ ಎದ್ದು ನಿಲ್ಲದಿದ್ದವರಿಗೆ ಪಡಿತರ ಚೀಟಿ, ಪಿಂಚಣಿ, ಜಾತಿ ಅಥವಾ ಆದಾಯ ಪ್ರಮಾಣಪತ್ರ ನಿರಾಕರಿಸಬಹುದೇ?
ಉತ್ತರ: ಇಲ್ಲ. ಸೇವೆಗಳಿಗೆ ಅರ್ಹತೆಯನ್ನು ಆಯಾ ಯೋಜನೆಯ ನಿಯಮಗಳೇ ನಿರ್ಧರಿಸುತ್ತವೆ. ಸಕಾಲ ಸೇವೆಗಳ ವಿಷಯದಲ್ಲಿ ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ನೀಡಬೇಕು. ಅರ್ಜಿದಾರರು ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಯಾರಾದರೂ ಮೌಖಿಕವಾಗಿ ಇಂತಹ ಕಾರಣ ಹೇಳಿದಲ್ಲಿ, ಅದನ್ನು ಬರವಣಿಗೆಯಲ್ಲಿ ನೀಡುವಂತೆ ಕೋರುವುದು.

ಪ್ರಶ್ನೆ: ಶಾಲೆಯ ಆವರಣದಲ್ಲಿ ಗೀತೆ ನಡೆಯುತ್ತಿರುವಾಗ ಹೊರಗಿನ ರಸ್ತೆಯಲ್ಲಿ ಹೋಗುತ್ತಿರುವವರು ನಿಲ್ಲಬೇಕೇ?
ಉತ್ತರ: ಆದೇಶಗಳಲ್ಲಿ ಹೇಳಿರುವುದು ಸಭಿಕರನ್ನು ಕುರಿತು. ನಡೆದು ಹೋಗುತ್ತಿರುವವರು ಒಂದು ನಿಮಿಷ ನಿಲ್ಲುವುದು ಒಳ್ಳೆಯ ರೂಢಿ. ಆದರೆ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ವಾಹನಗಳು ಸಾಗುವ ಮಾರ್ಗದಲ್ಲಿ ಚಾಲಕರು ಹಠಾತ್ತನೆ ನಿಲ್ಲಿಸುವುದು ಅಪಾಯಕರ. ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿರುವವರು ನಿಲ್ಲುವ ಅಗತ್ಯವಿಲ್ಲ.

ಪ್ರಶ್ನೆ: ಹಾಡಲು ಬಾರದವರು ಏನು ಮಾಡಬೇಕು?
ಉತ್ತರ: ಮೌನವಾಗಿ, ಗೌರವದಿಂದ ನಿಂತರೆ ಸಾಕು. ತಪ್ಪು ಉಚ್ಚಾರಣೆಗೆ ಅಂಜಿ ಸಮಾರಂಭದಿಂದ ದೂರ ಉಳಿಯುವ ಅಗತ್ಯವಿಲ್ಲ.

ಪ್ರಶ್ನೆ: ಗೀತೆ ನಡೆಯುವಾಗ ಮೊಬೈಲ್‌ನಲ್ಲಿ ಚಿತ್ರೀಕರಣ ಮಾಡಬಹುದೇ?
ಉತ್ತರ: ಸಾವಧಾನ ಸ್ಥಿತಿಯಲ್ಲಿ ನಿಂತವರ ಕೈಯಲ್ಲಿ ಮೊಬೈಲ್ ಹಿಡಿಯಲು ಅವಕಾಶವಿರುವುದಿಲ್ಲ. ದಾಖಲೆಗಾಗಿ ಆಯೋಜಕರು ಒಬ್ಬರನ್ನು ನೇಮಿಸುವುದು ಸೂಕ್ತ. ಕುಳಿತಿರುವವರನ್ನು ಚಿತ್ರೀಕರಿಸಿ ಹಂಚುವುದರಿಂದ ನಿರಪರಾಧಿಗಳಿಗೆ ತೊಂದರೆಯಾಗುವ ಸಾಧ್ಯತೆ ಇದೆ.

ಪ್ರಶ್ನೆ: ಶಕ್ತರಾಗಿದ್ದೂ ಬೇಕೆಂದೇ ಕುಳಿತವರನ್ನು ಎಬ್ಬಿಸಬಹುದೇ?
ಉತ್ತರ: ಗೀತೆ ಮುಗಿದ ನಂತರ ಮೃದುವಾಗಿ ತಿಳಿಹೇಳಬಹುದು. ಗೀತೆ ನಡೆಯುತ್ತಿರುವಾಗಲೇ ಗದರಿಸುವುದರಿಂದ ಸಭೆಗೆ ಅಡಚಣೆ ಉಂಟಾಗುತ್ತದೆ. ಆ ಅಡಚಣೆಯನ್ನು ತಡೆಯುವುದಕ್ಕೇ ಕಲಂ 3 ಇದೆ. ಬಲವಂತ ಮಾಡುವ, ತಡೆದು ನಿಲ್ಲಿಸುವ ಅಥವಾ ಹೊಡೆಯುವ ಅಧಿಕಾರ ಯಾರಿಗೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಡಿ ಸ್ವಇಚ್ಛೆಯಿಂದ ಗಾಯಪಡಿಸುವುದು (ಕಲಂ 115) ಹಾಗೂ ಅಕ್ರಮವಾಗಿ ತಡೆಯುವುದು (ಕಲಂ 126) ಅಪರಾಧಗಳಾಗಿವೆ. ಯಾರಾದರೂ ಗೀತೆಯನ್ನು ಉದ್ದೇಶಪೂರ್ವಕವಾಗಿ ತಡೆದಲ್ಲಿ ಅಥವಾ ಸಭೆಯಲ್ಲಿ ಗಲಭೆ ಎಬ್ಬಿಸಿದಲ್ಲಿ ಪೊಲೀಸ್ ಠಾಣೆಗೆ ಅಥವಾ 112 ಸಂಖ್ಯೆಗೆ ಮಾಹಿತಿ ನೀಡುವುದು.

ಪ್ರಶ್ನೆ: ಜನವರಿ 26 ಮತ್ತು ಆಗಸ್ಟ್ 15ರಂದು ಧ್ವಜಾರೋಹಣಕ್ಕೆ ಬಂದಾಗ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದೇ?
ಉತ್ತರ: ಸದರಿ ದಿನಗಳು ಸಾರ್ವತ್ರಿಕ ರಜಾದಿನಗಳು. ಅರ್ಜಿಗಳನ್ನು ಕೆಲಸದ ದಿನಗಳಲ್ಲಿ ಸಲ್ಲಿಸುವುದು. ಸಮಾರಂಭಕ್ಕೆ ಮಾತ್ರ ಎಲ್ಲ ನಾಗರಿಕರಿಗೂ ಆಹ್ವಾನವಿದೆ. ಅದಕ್ಕೆ ಯಾವುದೇ ಅರ್ಜಿ ಅಥವಾ ಶುಲ್ಕ ಬೇಕಿಲ್ಲ.

8. ಸಾರಾಂಶ

ಶಕ್ತರಾದವರೆಲ್ಲರೂ ರಾಷ್ಟ್ರಗೀತೆಗೆ ಎದ್ದು ನಿಲ್ಲತಕ್ಕದ್ದು. ಇದು ನಾಗರಿಕರ ಕರ್ತವ್ಯಕ್ಕೆ ತಕ್ಕ ನಡೆ. ನಿಲ್ಲಲು ಆಗದವರು ಕುಳಿತಲ್ಲಿಯೇ ಸಲ್ಲಿಸುವ ಗೌರವ ನಿಂತವರ ಗೌರವಕ್ಕಿಂತ ಕಡಿಮೆಯದಲ್ಲ. ಹಾಡದೆ ಮೌನವಾಗಿ ನಿಂತವರು ತಪ್ಪಿತಸ್ಥರಲ್ಲ. ನೆರೆಯವರು ನಿಂತಿದ್ದಾರೆಯೇ ಎಂದು ತಿರುಗಿ ನೋಡಿದವರ ಗಮನ ಧ್ವಜದ ಮೇಲಿರುವುದಿಲ್ಲ. 52 ಸೆಕೆಂಡುಗಳ ಕಾಲ ಪ್ರತಿಯೊಬ್ಬರೂ ತಮ್ಮ ತಮ್ಮ ನಡೆಯ ಕಡೆಗೆ ಗಮನ ನೀಡಿದಲ್ಲಿ ಸಮಾರಂಭಗಳು ಶಾಂತಿಯುತವಾಗಿ ನೆರವೇರುತ್ತವೆ.

ಈ ಲೇಖನವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಯಾವುದೇ ಸಂದೇಹ ಉಂಟಾದಲ್ಲಿ ಮೂಲ ಅಧಿನಿಯಮ, ಸರ್ಕಾರಿ ಆದೇಶಗಳು ಮತ್ತು ನ್ಯಾಯಾಲಯಗಳ ತೀರ್ಪುಗಳೇ ಅಂತಿಮವಾಗಿರುತ್ತವೆ. ಸಮಾರಂಭಗಳಲ್ಲಿ ವಿಶೇಷ ಆಸನದ ಅಗತ್ಯವುಳ್ಳ ವಯೋವೃದ್ಧರು ಮತ್ತು ವಿಕಲಚೇತನರು ಅಥವಾ ಅವರ ಕುಟುಂಬದವರು ಮುಂಚಿತವಾಗಿ ಸಂಬಂಧಿಸಿದ ಗ್ರಾಮ ಪಂಚಾಯಿತಿ ಕಚೇರಿಗೆ ಅಥವಾ ಶಾಲೆಗೆ ತಿಳಿಸುವಂತೆ ಕೋರಲಾಗಿದೆ.